ನಿಮ್ಮ ಸರದಿ ಬಂತು, ಓದಿ

ನಿವೃತ್ತಿಯಾದ ಗಂಡಸಿಗೆ ಹೊತ್ತು ಹೋಗುವುದೇ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನಾನೂ ನಿವೃತ್ತ, ನನ್ನ ಒಡನಾಟದವರೆಲ್ಲ ಹೆಚ್ಚುಕಮ್ಮಿ ನಿವೃತ್ತರೇ. ಕಂಡ ಮಟ್ಟಿಗೆ ಹೇಳುವುದಾದರೆ ಹೊತ್ತು ಹೇಗೋ ಹೋಗುತ್ತದೆ. ಬೆಳಿಗ್ಗೆ ಉಡುಪಿಯ ಅಜ್ಜರಕಾಡಿನ ಪಾರ್ಕಿನಲ್ಲಿ ನಾಲ್ಕು ಸುತ್ತು, ಬಂದು ಚಾ, ಪೇಪರು, ಆಮೇಲೆ ತರಕಾರಿ, ಮಾತ್ರೆ, ಕರೆಂಟ್ ಬಿಲ್ಲು, ಊಟ, ಸಣ್ಣ ನಿದ್ದೆ, ಸಂಜೆ ಟಿ.ವಿ., ರಾತ್ರಿ ಮಗನದ್ದೋ ಮಗಳದ್ದೋ ವಿಡಿಯೋ ಕಾಲ್. ದಿನ ತುಂಬಿಯೇ ಇರುತ್ತದೆ. ಆದರೆ ಆ ಇಡೀ ದಿನದಲ್ಲಿ, ಅವನು ಬಾರದಿದ್ದರೆ ನಿಂತುಹೋಗುವಂಥ ಕೆಲಸ ಒಂದೂ ಇರುವುದಿಲ್ಲ. ಮೊನ್ನೆಯವರೆಗೆ ಅವನ ಸಹಿ ಬೀಳದೆ ಸಾಲದ ಕಾಗದ ಮುಂದೆ ಹೋಗುತ್ತಿರಲಿಲ್ಲ, ಅವನು ಬಂದು ಬೀಗ ತೆಗೆಯದೆ ಶಾಲೆ ಶುರುವಾಗುತ್ತಿರಲಿಲ್ಲ. ಅರುವತ್ತು ತುಂಬಿದ ಮರುದಿನದಿಂದ ಅವನಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಪಿಂಚಣಿ ಬರುವವರಾದರೆ ನವೆಂಬರಿನಲ್ಲಿ ಒಮ್ಮೆ ಹೋಗಿ, ತಾನು ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಟ್ಟು ಬರಬೇಕು. ಅವನ ಇರವನ್ನು ಹೊರಗಿನವರು ವಿಚಾರಿಸುವುದು ಅಷ್ಟಕ್ಕೇ ನಿಂತಿರುತ್ತದೆ.

ನಮ್ಮ ಕರಾವಳಿಯಲ್ಲಿ ಇದು ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತದೆ. ಇದು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಎರಡು ಮನೆ ದಾಟಿದರೆ ಒಬ್ಬ ಬ್ಯಾಂಕಿನವರು ಸಿಗುವ ಊರು ನಮ್ಮದು. ಇವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಕೆಲಸಕ್ಕೆ ಸೇರಿ, ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ, ಕಾನ್ಪುರ, ಜಲಂಧರ್, ರಾಯ್‌ಪುರ ಎಂದು ತಿರುಗಿ, ಕಡೆಗೆ ಊರಿಗೆ ಮರಳಿ ಮನೆ ಕಟ್ಟಿ ಕೂತವರು. ಬಾಲ್ಯದ ಗೆಳೆಯರು ಅಷ್ಟರಲ್ಲಿ ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಬೇರು ಬಿಟ್ಟಿರುತ್ತಾರೆ. ಪಕ್ಕದ ಫ್ಲ್ಯಾಟಿನವರ ಹೆಸರು ಗೊತ್ತಿರುವುದಿಲ್ಲ. ಇದರ ಮೇಲೆ, ದುಡಿದ ಬ್ಯಾಂಕಿನ ಹೆಸರೇ ಹೋಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಲೆಕ್ಕಾಚಾರದ ದೃಷ್ಟಿಯಿಂದ ಅದಕ್ಕೆ ಕಾರಣಗಳಿದ್ದವು, ಆ ಚರ್ಚೆ ಇಲ್ಲಿ ಬೇಡ. ಆದರೆ ‘ನೀವು ಎಲ್ಲಿ ಇದ್ದದ್ದು?’ ಎಂದು ಯಾರಾದರೂ ಕೇಳಿದರೆ, ಈಗಿಲ್ಲದ ಒಂದು ಹೆಸರನ್ನು ಹೇಳಿ, ಅದು ಯಾವುದರಲ್ಲಿ ಸೇರಿತೆಂದು ವಿವರಿಸಬೇಕಾದ ಒಂದು ತಲೆಮಾರೇ ನಮ್ಮಲ್ಲಿ ಉಂಟು.

ಹೆಂಗಸರ ಸ್ಥಿತಿ ಅಷ್ಟು ಬರಿದಲ್ಲ. ಅವರಿಗೆ ಭಜನಾ ಮಂಡಳಿ ಉಂಟು, ಮಹಿಳಾ ಮಂಡಲ ಉಂಟು, ಸ್ವಸಹಾಯ ಸಂಘದ ವಾರದ ಸಭೆ ಉಂಟು, ಇನ್ನು ಅಕ್ಕ ತಂಗಿಯರ ಫೋನು. ಅವರ ಸಂಬಂಧಗಳು ಅವರು ದುಡಿದ ಕಡೆಗೆ ಮಾತ್ರ ಕಟ್ಟಿಕೊಂಡವಲ್ಲ. ಗಂಡಸರು ಇಡೀ ಸ್ನೇಹವನ್ನು ಆಫೀಸಿನಲ್ಲೇ ಇಟ್ಟು ಬಂದಿರುತ್ತಾರೆ. ಎದುರು ಸಿಕ್ಕರೆ ‘ಎಂತ ವಿಶೇಷ?’ ‘ಎಂತ ಇಲ್ಲ, ಆರಾಮ.’ ಹೆಚ್ಚೆಂದರೆ ಬಿ.ಪಿ., ಶುಗರು, ಮೊಣಗಂಟು. ಮನಸ್ಸಿನ ವಿಷಯ ಆ ಪಟ್ಟಿಯಲ್ಲಿ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033. ಅವರಲ್ಲಿ 1,18,979 ಮಂದಿ ಗಂಡಸರು. ಇದು ಎಲ್ಲ ವಯಸ್ಸಿನವರೂ ಸೇರಿದ ಲೆಕ್ಕ, ಕಾರಣಗಳೂ ನೂರು. ಆದರೂ ಹೇಳಿಕೊಳ್ಳಲಾಗದೆ ಹೋದವರು ಅದರಲ್ಲಿ ಎಷ್ಟಿರಬಹುದು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಗಂಡಸನ್ನು ಎದುರು ಕೂರಿಸಿ ‘ನಿಮಗೆ ಬೇಸರವಾ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ‘ಮೆನ್ಸ್ ಶೆಡ್’ ಎಂಬ ಏರ್ಪಾಡು ಉಂಟು. ನಿವೃತ್ತ ಗಂಡಸರು ಒಂದು ಶೆಡ್ಡಿನಲ್ಲಿ ಸೇರಿ ಮರಗೆಲಸ, ರಿಪೇರಿ ಮಾಡುತ್ತ ಮಾತಾಡಿಕೊಳ್ಳುವುದು. ಗಂಡಸರು ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟು ಕೂತಾಗ ಮಾತಾಡುತ್ತಾರೆ ಎನ್ನುವುದು ಅವರ ಅನುಭವ. 2007ರಲ್ಲಿ ಅದಕ್ಕೆ ರಾಷ್ಟ್ರಮಟ್ಟದ ಸಂಘವೇ ಆಯಿತು. ಮರಗೆಲಸ ಅಲ್ಲಿಯವರಿಗೆ ಒಗ್ಗಿತು. ನಮ್ಮಲ್ಲಿ ಗಂಡಸರ ಕಣ್ಣು ಒಟ್ಟಿಗೆ ನೆಡಬಹುದಾದ ವಸ್ತು ಯಾವುದೆಂದು ಯೋಚಿಸಿದರೆ ನನಗೆ ಹೊಳೆಯುವುದು ಪುಸ್ತಕದ ಒಂದು ಪುಟ.

ಇದು ಹೊಸದಾಗಿ ಕಂಡುಹಿಡಿಯಬೇಕಾದದ್ದೂ ಅಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಹೊತ್ತಿಗೆ. ನಡುವಿನ ಮಳೆಗಾಲವೇ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲಿಂದಲೇ ಅದಕ್ಕೆ ಅರ್ಥ ಹೇಳುತ್ತಾನೆ, ಎದುರಿನವನು ಏನು ಹೇಳಿಬಿಡುತ್ತಾನೋ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಶಾಲೆ ಮಾಷ್ಟ್ರು, ವಕೀಲರು, ಅಂಗಡಿಯವರು, ಕೃಷಿಕರು ಹವ್ಯಾಸಕ್ಕೆ ಅರ್ಥ ಹೇಳಿದ ಊರುಗಳು ಇವು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವಾಗ, ಆ ಅರ್ಥ ಹೇಳುವವರ ಮನೆಯಲ್ಲಿ ಅಣ್ಣ ತಮ್ಮಂದಿರ ಪಾಲು ಪಂಚಾತಿಗೆ ನಡೆದಿದ್ದರೆ, ಕೂತು ಕೇಳುವವರಿಗೆ ಆ ಮಾತಿನ ಬಿಸಿ ತಾಗಿಯೇ ತಾಗುತ್ತದೆ. ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹಾಗೆಯೇ ಜುಲೈ ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಚಾವಡಿಯಲ್ಲಿ ದೀಪ ಇಟ್ಟು ಪುರಾಣ ಓದಿಸುವ ಪದ್ಧತಿ, ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಗಮಕ. ಮಳೆಯಿಂದ ಹೊರಗೆ ಕಾಲಿಡಲಾಗದ, ಗದ್ದೆ ಕೆಲಸ ಮುಗಿದ, ಕೈಯಲ್ಲಿ ಕಾಸಿಲ್ಲದ ತಿಂಗಳನ್ನು ಹಿರಿಯರು ಓದಿಗೆ ಕೊಟ್ಟರು. ಈಗಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ವಾಕಿಂಗ್ ನಿಲ್ಲುತ್ತದೆ, ಪಾರ್ಕಿನ ಪರಿಚಯ ನಿಲ್ಲುತ್ತದೆ. ಮನೆಯೊಳಗೆ ಕೂತ ಗಂಡಸು ಇನ್ನಷ್ಟು ಒಳಗೆ ಹೋಗುವ ಕಾಲ ಅದು.

ಹಾಗಾದರೆ ಈಗೇನು ಕೊರತೆ? ಉಡುಪಿ ಮಂಗಳೂರಿನಲ್ಲಿ ಸಾಹಿತ್ಯದ ಕಾರ್ಯಕ್ರಮ ಇಲ್ಲದ ವಾರ ಇಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಪುಸ್ತಕ ಬಿಡುಗಡೆ, ಉಪನ್ಯಾಸ, ಸನ್ಮಾನ ಎಲ್ಲ ಉಂಟು, ಮುಂದಿನ ಸಾಲಿನ ಕುರ್ಚಿಗಳಲ್ಲಿ ನಮ್ಮಂಥವರೇ ಇರುತ್ತೇವೆ. ಆದರೆ ಎರಡು ಗಂಟೆ ಕೂತು, ಚಪ್ಪಾಳೆ ತಟ್ಟಿ, ಉಪಾಹಾರ ಮುಗಿಸಿ, ಒಂದು ಮಾತೂ ಆಡದೆ ಮನೆಗೆ ಬರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸಭಿಕನಾಗಿ ಕೂರುವುದಕ್ಕೂ ಸರದಿ ಬರುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಸಭೆಯಲ್ಲಿ ಒಂದು ಕುರ್ಚಿ ಖಾಲಿ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಏಳು ಮಂದಿ ಸುತ್ತ ಕೂತು ಪುಟ ಹಂಚಿಕೊಂಡು ಓದುವಲ್ಲಿ ಒಬ್ಬರು ಬಾರದಿದ್ದರೆ ಆ ಪುಟ ಅಲ್ಲಿಗೇ ನಿಲ್ಲುತ್ತದೆ, ‘ಎಂತ ಬರಲಿಲ್ಲ ಮಾರಾಯ್ರೆ?’ ಎಂದು ಫೋನು ಹೋಗುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜೇನ್ ಡೇವಿಸ್ ಕಟ್ಟಿದ ‘ದ ರೀಡರ್’ ಎಂಬ ಸಂಸ್ಥೆ ಇಂಥದ್ದೇ ಕೆಲಸ ಮಾಡುತ್ತದೆ. ಗ್ರಂಥಾಲಯ, ಆಸ್ಪತ್ರೆ, ವೃದ್ಧಾಶ್ರಮ, ಜೈಲು ಎಂದು ಎಲ್ಲ ಕಡೆ ಅವರ ಚಿಕ್ಕ ಗುಂಪುಗಳು. ಯಾರೂ ಮನೆಯಲ್ಲಿ ಓದಿಕೊಂಡು ಬರಬೇಕಾಗಿಲ್ಲ. ಅಲ್ಲಿಯೇ, ಆಗಲೇ, ಗಟ್ಟಿಯಾಗಿ ಓದುವುದು. ನಡುವೆ ನಿಲ್ಲಿಸುವುದು, ಮಾತಾಡುವವರು ಮಾತಾಡುವುದು, ಬೇಡದವರು ಸುಮ್ಮನಿರುವುದು. ಆರಿಸಿಕೊಳ್ಳುವುದು ಒಳ್ಳೆಯ ಸಾಹಿತ್ಯವನ್ನೇ, ‘ಸಂತೋಷವಾಗಿರುವುದು ಹೇಗೆ’ ಎಂದು ಉಪದೇಶ ಮಾಡುವ ಪುಸ್ತಕಗಳನ್ನಲ್ಲ. ಇದು ನನಗೆ ಬಹಳ ಸರಿಯೆನಿಸಿದ ಮಾತು. ಖಿನ್ನತೆ ಇದ್ದವರ ಗುಂಪುಗಳನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಅಭ್ಯಾಸ ಮಾಡಿ, ಅವರಲ್ಲಿ ಸುಧಾರಣೆ ಕಂಡದ್ದನ್ನು ಬರೆದಿದ್ದಾರೆ. ಚಿಕ್ಕ ಗುಂಪುಗಳ ಅಧ್ಯಯನ, ಅದನ್ನು ಅಷ್ಟಕ್ಕೇ ತೆಗೆದುಕೊಳ್ಳಬೇಕು.

ನಾವೂ ಇಂಥದ್ದೊಂದು ಓದಿನ ಕೂಟ ಮಾಡಿಕೊಂಡಿದ್ದೇವೆ. ಅದಕ್ಕೆ ಹೆಸರಿಲ್ಲ, ಬ್ಯಾನರ್ ಇಲ್ಲ, ಅಧ್ಯಕ್ಷರಿಲ್ಲ. ಬುಧವಾರ ಸಂಜೆ ಕುಂಜಿಬೆಟ್ಟಿನ ಗೆಳೆಯರೊಬ್ಬರ ಮನೆಯ ಚಾವಡಿಯಲ್ಲಿ ಸೇರುತ್ತೇವೆ. ಒಬ್ಬರು ಹೆಡ್‌ಮಾಷ್ಟ್ರಾಗಿದ್ದವರು, ಇಬ್ಬರು ಬ್ಯಾಂಕಿನವರು, ಒಬ್ಬರು ಅಂಚೆ ಇಲಾಖೆಯಲ್ಲಿದ್ದವರು, ದುಬೈಯಲ್ಲಿ ಸ್ಟೋರ್ ನೋಡಿಕೊಂಡು ಬಂದ ಬ್ಯಾರಿ ಸಮುದಾಯದ ಒಬ್ಬರು, ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ ಒಬ್ಬರು, ಮತ್ತೆ ನಾನು. ಓದುವುದು ಕನ್ನಡ. ಮಾತು ತುಳು, ಕೊಂಕಣಿ, ಬ್ಯಾರಿ, ಯಾವುದು ಬಾಯಿಗೆ ಬಂತೋ ಅದು. ಸಣ್ಣಕತೆ ಓದುತ್ತೇವೆ, ಪ್ರಬಂಧ ಓದುತ್ತೇವೆ. ಕಳೆದ ಮಳೆಗಾಲ ಕುಮಾರವ್ಯಾಸನ ಭಾರತದ ಉದ್ಯೋಗಪರ್ವಕ್ಕೆ ಕೈಹಾಕಿದೆವು. ಹೆಡ್‌ಮಾಷ್ಟ್ರ ಆಸೆ ಅದು.

ಪದ್ಯ ಓದಿಸುವುದರಲ್ಲಿ ಒಂದು ಗುಣ ಉಂಟು, ಅದು ಮೌನವಾಗಿ ಓದಿದರೆ ತಿಳಿಯುವುದಿಲ್ಲ. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ, ಆರು ಸಾಲಿನ ಆ ಪದ್ಯದಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉದ್ದ. ಎರಡು ಚಿಕ್ಕ ಸಾಲು ಹೇಳಿ ಮೂರನೆಯದಕ್ಕೆ ಬರುವಾಗ ಉಸಿರು ತುಂಬಿಕೊಳ್ಳಲೇಬೇಕು. ಇಂಜಿನ್ ಕೆಲಸದವರು ಶಾಲೆ ಬಿಟ್ಟ ಮೇಲೆ ಗಟ್ಟಿಯಾಗಿ ಓದಿದವರೇ ಅಲ್ಲ. ಮೊದಮೊದಲು ‘ನನ್ನದು ಬಿಡಿ, ನೀವು ಓದಿ’ ಎನ್ನುತ್ತಿದ್ದರು. ಈಗ ತೋರುಬೆರಳನ್ನು ಸಾಲಿನ ಕೆಳಗಿಟ್ಟು, ಪದ ಬಿಡಿಸಿ ಬಿಡಿಸಿ ಓದುತ್ತಾರೆ. ಅವರು ನಿಧಾನಕ್ಕೆ ಓದುವುದರಿಂದಲೇ ನಮಗೆ ಅರ್ಥ ಬಿಟ್ಟುಕೊಡುತ್ತದೆ. ಹೆಡ್‌ಮಾಷ್ಟ್ರು ಸರಾಗವಾಗಿ ಹೇಳಿದ ಪದ್ಯಕ್ಕಿಂತ ಇವರು ತಡವರಿಸಿದ ಪದ್ಯದಲ್ಲೇ ನಾವು ಹೆಚ್ಚು ಹೊತ್ತು ನಿಂತದ್ದು.

ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು, ಸಲಿಗೆಯಿಂದ ಪಕ್ಕ ಕೂರಿಸಿ, ನೀನು ಕುಂತಿಯ ಹಿರಿಯ ಮಗ ಎಂದು ಹೇಳುವ ಭಾಗ ಬಂದದ್ದು ಒಂದು ಜೋರು ಮಳೆಯ ಸಂಜೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣು ತುಂಬುತ್ತದೆ. ಆದರೂ ಕೌರವನನ್ನು ಬಿಟ್ಟು ಬರುವುದಿಲ್ಲ ಎನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿದೆವು. ಕರ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಅಂಚೆಯವರು ಶುರು ಮಾಡಿದರು. ಉಪ್ಪಿನ ಋಣ ಎಂದರು ಒಬ್ಬರು, ಹಟ ಎಂದರು ಇನ್ನೊಬ್ಬರು. ಆಗ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಬ್ಯಾಂಕಿನವರು ಹೇಳಿದರು, ‘ಅವನಿಗೆ ಕೌರವನೇ ಊರು ಮಾರಾಯ್ರೆ. ಬೇರೆ ಎಲ್ಲಿಗೆ ಹೋಗುವುದು?’ ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. ‘ನಮ್ಮ ಬ್ರಾಂಚಿನ ಬೋರ್ಡು ಇಳಿಸುವಾಗ ನಾನು ರಿಟೈರ್ ಆಗಿ ಸುಮಾರು ಸಮಯ ಆಗಿತ್ತು. ನನಗೂ ಅದಕ್ಕೂ ಎಂತ ಸಂಬಂಧ? ಆದರೂ ಆ ರಸ್ತೆಯಲ್ಲಿ ಹೋಗಲಿಕ್ಕೆ ಆಗುತ್ತಿರಲಿಲ್ಲ. ಸುತ್ತು ಹಾಕಿ ಹೋಗುತ್ತಿದ್ದೆ.’

‘ಮನೆಯಲ್ಲಿ ಹೇಳಿದ್ದೀರಾ?’ ಎಂದು ಇಂಜಿನ್ ಕೆಲಸದವರು ಕೇಳಿದರು.

‘ಇಲ್ಲ. ಎಂತ ಅಂತ ಹೇಳುವುದು ಅದನ್ನು?’

ದುಬೈಯಿಂದ ಬಂದವರು ಅದಕ್ಕೆ ತಮ್ಮದೊಂದು ಸೇರಿಸಿದರು. ಅವರಿದ್ದ ಕಂಪೆನಿಯ ಗುರುತಿನ ಚೀಟಿಯನ್ನು ವಾಪಸು ಕೊಡುವ ದಿನ ಅದರ ಫೋಟೋ ತೆಗೆದಿಟ್ಟುಕೊಂಡಿದ್ದರಂತೆ, ಯಾಕೆಂದು ಅವರಿಗೇ ಗೊತ್ತಿಲ್ಲವಂತೆ. ಆ ಸಂಜೆ ನಾವು ಮತ್ತೆ ಪದ್ಯಕ್ಕೆ ಹೋಗಲಿಲ್ಲ. ಕರ್ಣನಿಲ್ಲದಿದ್ದರೆ ಆ ಮಾತು ಹೊರಗೆ ಬರುತ್ತಿರಲಿಲ್ಲ ಎಂದು ನನಗೆ ಖಂಡಿತ ಗೊತ್ತು. ಅವರು ತಮ್ಮ ಬಗ್ಗೆ ಮಾತಾಡಲು ಬಂದವರಲ್ಲ. ಕರ್ಣನ ಪರವಾಗಿ ವಾದಿಸಲು ಹೊರಟವರು.

ಓದಿಗೂ ಮಿದುಳಿನ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ಒಂದಿಷ್ಟು ಸಂಶೋಧನೆ ನಡೆದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದು, ಚದುರಂಗದಂಥ ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಈ ನಾಲ್ಕರಲ್ಲಿ ತೊಡಗಿದವರಿಗೆ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಓದಿದ್ದರಿಂದ ಕಾಯಿಲೆ ಬರಲಿಲ್ಲವೋ, ಕಾಯಿಲೆ ಒಳಗೊಳಗೇ ಶುರುವಾದವರು ಓದು ಬಿಟ್ಟಿದ್ದರೋ ಎಂಬ ಪ್ರಶ್ನೆ ಅಲ್ಲಿ ಉಳಿಯುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ. ಮರೆವಿನ ಕಾಯಿಲೆಗೆ ದಾರಿಯಾಗುವ, ನಾವು ಬದಲಿಸಿಕೊಳ್ಳಬಹುದಾದ 14 ಅಪಾಯಗಳನ್ನು ಅದು ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಕಣ್ಣು ಮಂದವಾಗುವುದು, ಖಿನ್ನತೆ, ಜನಸಂಪರ್ಕ ಇಲ್ಲದಿರುವುದು, ಈ ನಾಲ್ಕೂ ಅದರಲ್ಲಿ ಉಂಟು. ಇವು ಒಂದರ ಕೈ ಒಂದು ಹಿಡಿದು ಬರುವುದನ್ನು ನಾನು ಕಂಡಿದ್ದೇನೆ. ಕಿವಿ ಕೇಳದವನು ‘ಆಂ? ಆಂ?’ ಎಂದು ಕೇಳಲು ನಾಚಿ ಮಾತಿನಿಂದ ಹಿಂದೆ ಸರಿಯುತ್ತಾನೆ. ಪೊರೆ ಬಂದ ಕಣ್ಣಿನವನು ಪೇಪರು ಬಿಡುತ್ತಾನೆ. ಆಮೇಲೆ ಜನ ‘ಅವರು ಈಗ ಯಾರ ಹತ್ತಿರವೂ ಸೇರುವುದಿಲ್ಲ’ ಎನ್ನುತ್ತಾರೆ. ಗಟ್ಟಿಯಾಗಿ ಓದುವ ಕೂಟದಲ್ಲಿ ಈ ಎರಡೂ ಬೇಗ ಬಯಲಿಗೆ ಬರುತ್ತವೆ. ನಮ್ಮಲ್ಲೇ ಒಬ್ಬರು ಸಾಲು ತಪ್ಪುವುದನ್ನು ನೋಡಿ ಒತ್ತಾಯ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆವು, ಪೊರೆಯ ಆಪರೇಷನ್ ಆಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಓದಿನ ಕೂಟ ಮದ್ದಲ್ಲ. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆ ಉಂಟು, ವಯಸ್ಸಾದವರಿಗೂ ಅದು ಗುಣವಾಗುತ್ತದೆ. ಹಿರಿಯ ಗಂಡಸರಲ್ಲಿ ಅದು ಅಳುವಾಗಿ ಕಾಣುವುದು ಕಡಿಮೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಎಲ್ಲದಕ್ಕೂ ಸಿಡುಕು, ಊಟ ಸೇರದಿರುವುದು, ತೂಕ ಇಳಿಯುವುದು, ಎಷ್ಟು ಪರೀಕ್ಷೆ ಮಾಡಿದರೂ ಸಿಕ್ಕದ ಗ್ಯಾಸು ಮತ್ತು ಮೈನೋವು, ಸಂಜೆಯ ಕುಡಿತ ಹೆಚ್ಚುವುದು, ಇಷ್ಟವಿದ್ದದ್ದೆಲ್ಲ ಸಾಕೆನಿಸುವುದು. ಎರಡು ವಾರಕ್ಕೂ ಮಿಕ್ಕಿ ಇಂಥದ್ದು ಮುಂದುವರಿದರೆ ಡಾಕ್ಟರನ್ನು ಕಾಣಲೇಬೇಕು. ಥೈರಾಯ್ಡ್ ಏರುಪೇರು, ಬಿ12 ಕೊರತೆ ಕೂಡ ಹೀಗೇ ಕಾಣಿಸಬಹುದು, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೂ ಶುದ್ಧ ಸಸ್ಯಾಹಾರಿಗಳಿಗೂ ಬಿ12 ಕಡಿಮೆಯಾಗುವ ಸಂಭವ ಹೆಚ್ಚು, ನಮ್ಮ ಊರಿನಲ್ಲಿ ಈ ಎರಡು ಬಗೆಯವರೂ ಧಾರಾಳ ಇದ್ದಾರೆ. ಡಾಕ್ಟರ ಹತ್ತಿರ ಹೋಗಲು ಮನಸ್ಸು ಬಾರದವರು ಮೊದಲು 14416ಕ್ಕೆ ಫೋನು ಮಾಡಬಹುದು. ಟೆಲಿ ಮಾನಸ್ ಎಂಬ ಸರಕಾರಿ ಸೇವೆ ಅದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ, ತಮಾಷೆಗೆಂದು ಬಂದರೂ, ಅದನ್ನು ಕೇಳಿಸಿಕೊಂಡವರು ಸುಮ್ಮನೆ ಬಿಡಬಾರದು.

ಕೂಟ ಎಲ್ಲಿ ಸೇರುತ್ತದೆ ಎನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ದೇವಸ್ಥಾನದ ಜಗಲಿಯಲ್ಲಿ ಸೇರಿದರೆ ಕೆಲವರು ಬರುತ್ತಾರೆ, ಚರ್ಚಿನ ಹಾಲಿನಲ್ಲಾದರೆ ಕೆಲವರು, ಮಸೀದಿಯ ಬಳಿಯಾದರೆ ಕೆಲವರು. ಸಮುದಾಯ ಭವನಗಳ ಕಥೆಯೂ ಅದೇ. ಉದ್ಯೋಗದಲ್ಲಿದ್ದಾಗ ಒಂದೇ ಮೇಜಿನಲ್ಲಿ ಊಟದ ಬುತ್ತಿ ಬಿಚ್ಚಿದವರು ನಿವೃತ್ತಿಯಾದ ಮೇಲೆ ತಂತಮ್ಮ ಸಂಘಕ್ಕೆ ಮಾತ್ರ ಸೇರಿಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಗ್ರಂಥಾಲಯ ಎಲ್ಲರದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಪಂಚಾಯತ್ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿ ವಾರಕ್ಕೊಂದು ಸಂಜೆ, ಸುಮ್ಮನೆ ಓದಿ ಎಂಬ ಸೂಚನಾ ಫಲಕವನ್ನು ಒಂದೂವರೆ ಗಂಟೆಯ ಮಟ್ಟಿಗೆ ಬದಿಗಿಟ್ಟು, ಹತ್ತು ಮಂದಿ ಗಟ್ಟಿಯಾಗಿ ಓದಲು ಜಾಗ ಕೊಟ್ಟರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಮಂಗಳೂರಿನ ಬಿಜೈಯಲ್ಲಿರುವ ಗೆಳೆಯರೊಬ್ಬರು ತಮ್ಮ ಅಪಾರ್ಟ್‌ಮೆಂಟಿನಲ್ಲಿ ಶುರು ಮಾಡುತ್ತೇನೆಂದು ಹೊರಟಿದ್ದಾರೆ, ಏನೇನು ಬೇಕು ಎಂದು ಕೇಳಿದರು. ಆರೇಳು ಕೈಕುರ್ಚಿ, ಎಲ್ಲವನ್ನೂ ವೃತ್ತದಲ್ಲಿಡಿ. ಫ್ಯಾನಿನ ಶಬ್ದ ಕಡಿಮೆ ಇರಲಿ. ಬೆಳಕು ತಲೆಯ ಹಿಂದಿನಿಂದ ಬೀಳಲಿ. ಅಕ್ಷರ ದೊಡ್ಡದು ಮಾಡಿ ಜೆರಾಕ್ಸ್ ತೆಗೆಸಿ, ಎಲ್ಲರ ಕೈಯಲ್ಲೂ ಒಂದೇ ಪುಟ ಇರಲಿ. ನಡುವೆ ಎದ್ದುಹೋಗುವವರಿಗೆ ಶೌಚಾಲಯ ಹತ್ತಿರದಲ್ಲಿರಲಿ, ಪ್ರಾಸ್ಟೇಟ್ ತೊಂದರೆಯವರು ಬಾರದಿರಲು ಎಷ್ಟೋ ಸಲ ಅದೊಂದೇ ಕಾರಣ. ವಾಟ್ಸ್ಆಪ್‌ನಲ್ಲಿ ಬಂದದ್ದನ್ನು ಓದುವುದು ಬೇಡ. ಅತಿಥಿ, ಶಾಲು, ಫೋಟೋ ಬೇಡ. ಮೊದಲ ವಾರ ಮೂರು ಪುಟದ ಸಣ್ಣಕತೆ ಸಾಕು.

ಯಾರನ್ನು ಮೊದಲು ಕರೆಯಲಿ ಎಂದು ಕೇಳಿದರು. ಅವರ ಮೂರನೇ ಮಹಡಿಯಲ್ಲಿ ಒಬ್ಬರಿದ್ದಾರೆ, ಹೆಂಡತಿ ತೀರಿಕೊಂಡ ಮೇಲೆ ಲಿಫ್ಟಿನಲ್ಲಿ ಕೂಡ ಯಾರಿಗೂ ಸಿಗುವುದಿಲ್ಲ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು. ಅವರನ್ನೇ ಕರೆಯಿರಿ ಎಂದೆ. ‘ನಿಮಗೆ ಒಳ್ಳೆಯದಾಗುತ್ತದೆ ಬನ್ನಿ’ ಎಂದರೆ ಬರುವುದಿಲ್ಲ. ‘ಆರು ಜನ ಆಗಿದ್ದೇವೆ, ಓದಲಿಕ್ಕೆ ಒಬ್ಬರು ಕಡಿಮೆ ಇದ್ದಾರೆ’ ಎನ್ನಿ. ಮೊದಲನೆಯ ಪುಟವನ್ನು ಅವರ ಕೈಗೇ ಕೊಟ್ಟು ಬನ್ನಿ, ಬುಧವಾರದ ಒಳಗೆ ಒಮ್ಮೆ ನೋಡಿಟ್ಟುಕೊಳ್ಳಲಿ.